ಬೀಜವಿಲ್ಲದ ಪೊಟ್ಟಣ

ಯೂಕ್-ಲಿನ್ ಕಸಿಯ ಕಡ್ಡಿಯನ್ನು ಸೀಳಿನಲ್ಲಿ ಕೂರಿಸಿ ಪಟ್ಟಿ ಸುತ್ತುತ್ತಿದ್ದಾಗ, ನರ್ಸರಿಯ ಅಧಿಕಾರಿ ಶಮ್ ಸರ್ ಖಾಲಿ ಪೊಟ್ಟಣಗಳ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಪ್ರತಿಯೊಂದರ ಮೇಲೂ ಹಾಂಗ್‌ಕಾಂಗಿನ ಬಾವುಟದ ಹೂವು, ಅವಳು ಕಸಿ ಕಟ್ಟುತ್ತಿದ್ದ ಮರದ್ದೇ ಹೂವು, ಅಚ್ಚಾಗಿತ್ತು.

"ಲಿನ್ ಅಕ್ಕ, ಶಾಲೆ ಮಕ್ಕಳಿಗೆ ಹಂಚೋಕೆ. ಈ ಮರದ ಬೀಜ ತುಂಬಿಕೊಡಿ."

"ಹೇಸರಗತ್ತೆ ಹತ್ರ ಮರಿ ಕೇಳ್ತೀರಲ್ಲ ಸರ್! ಇದು ಬೀಜಾನೇ ಬಿಡಲ್ಲ. ಇಲ್ಲಾಂದ್ರೆ ಮೂವತ್ತು ವರ್ಷದಿಂದ ನಾನ್ಯಾಕೆ ಕಸಿ ಕಟ್ತಿದ್ದೆ?"

ಶಮ್ ಸರ್ ಮುಖ ಒರೆಸಿಕೊಂಡರು. ಇಂಥ ಪೊಟ್ಟಣಗಳು ಹತ್ತು ಸಾವಿರ ಆಗಲೇ ಅಚ್ಚಾಗಿ ಬಂದಿದ್ದವು.

"ಬೇಲಿ ಪಕ್ಕದ ಬಸವನಪಾದದ ಮರದಲ್ಲಿ ಕಾಯಿ ಜೋತಾಡ್ತಿದೆಯಲ್ಲ, ಅದನ್ನೇ ತುಂಬಿ. ಎರಡರ ಎಲೆನೂ ಒಂದೇ ಥರ, ಮಕ್ಕಳಿಗೇನು ಗೊತ್ತಾಗುತ್ತೆ? ಮುಂದಿನ ತಿಂಗಳು ನಿಮ್ಮ ನಿವೃತ್ತಿ. ಇನ್ನೆರಡು ವರ್ಷ ಇಲ್ಲೇ ಇರೋ ಹಾಗೆ ಮಾಡ್ತೀನಿ."

ಎರಡು ವರ್ಷ ಸಿಕ್ಕರೆ ಬಾಡಿಗೆಯ ಕೋಣೆ ಉಳಿಯುತ್ತಿತ್ತು. ಅವಳು ನೋಯುತ್ತಿದ್ದ ಮಣಿಕಟ್ಟನ್ನು ಒತ್ತಿಕೊಂಡಳು. ಪರೀಕ್ಷೆ ಬಂತೆಂದರೆ ಮಕ್ಕಳು ಬೇಲಿಯಾಚೆ ನಿಂತು, "ಅಜ್ಜೀ, ಜಾಣ ಎಲೆ ಕೊಡಿ," ಎಂದು ಬಾವುಟದ ಹೂವಿನ ಮರದ ಎಲೆ ಕೇಳಿ, ಓದಿದ್ದು ತಲೆಗೆ ಹತ್ತುತ್ತದೆಂದು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವಳು ಕೊಟ್ಟದ್ದನ್ನು ಅವರು ನಂಬುತ್ತಿದ್ದರು.

ಪೆಟ್ಟಿಗೆಯನ್ನು ಶಮ್ ಸರ್ ಕಡೆಗೆ ಸರಿಸಿದಳು.

"ನಾನು ತುಂಬಲ್ಲ ಸರ್. ನಿಮ್ಮ ಎರಡು ವರ್ಷಾನೂ ನನಗೆ ಬೇಡ."