ಅರವತ್ತಾರರ ಬ್ರೇಕ್ ಪೈಪು

ಹದಿನೆಂಟನೆಯ ವಯಸ್ಸಿನಲ್ಲಿ ವರ್ನ್ ಪಿಲಾರ್ಸ್ಕಿ ಅಮೆರಿಕದ ಫ್ಲಿಂಟ್ ಊರಿನ ಕಾರ್ಖಾನೆಯೊಂದರಲ್ಲಿ ಕಾರುಗಳ ಹೊಟ್ಟೆಗೆ ಕಪ್ಪು ಬಣ್ಣ ಹೊಡೆಯುತ್ತಿದ್ದ. ಗಂಟೆಗೆ ಅರವತ್ತಕ್ಕೂ ಹೆಚ್ಚು ಕಾರು ತಲೆಯ ಮೇಲೆ ಸಾಗಿಹೋಗುತ್ತಿದ್ದವು. ಒಂದೊಂದಕ್ಕೆ ಒಂದು ನಿಮಿಷವೂ ಸಿಗುತ್ತಿರಲಿಲ್ಲ. ಬಣ್ಣ ಎಲ್ಲಿ ಬಿತ್ತು, ಎಲ್ಲಿ ಸೋರಿತು ಎಂದು ನೋಡುವ ಪುರುಸೊತ್ತು ಯಾರಿಗಿತ್ತು? ಅರವತ್ತು ದಾಟಿದ ಮೇಲೆ ಅದೇ ವರ್ನ್ ಓವೊಸ್ಸೋದ ತನ್ನ ಮನೆಯ ಗ್ಯಾರೇಜಿನಲ್ಲಿ ಅಂಗಾತ ಮಲಗಿ, ಹಳೆಯ ಫೋಟೋ ಒಂದನ್ನು ಪಕ್ಕದಲ್ಲಿಟ್ಟುಕೊಂಡು, ಅಂದು ಸೋರಿದ್ದ ಜಾಗದಲ್ಲೇ ಬಣ್ಣ ಸೋರುವ ಹಾಗೆ ಮಾಡಲು ಮೂರು ದಿನ ಹೆಣಗಾಡಿದ. "ಆಗ ಅರ್ಧ ನಿಮಿಷದಲ್ಲಿ ಕೆಡಿಸ್ತಿದ್ದೆ. ಈಗ ಕೆಡಿಸೋಕೆ ಮೂರು ದಿನ ಬೇಕು," ಎಂದು ತಾನೇ ನಗುತ್ತಿದ್ದ.

ನಗುತ್ತಿದ್ದನೇ ಹೊರತು ಬಿಡುತ್ತಿರಲಿಲ್ಲ. ಈ ಜನರ ಹುಚ್ಚೇ ಅಂಥದ್ದು. ಹಳೆಯ ಕಾರನ್ನು ಚೆಂದ ಮಾಡಿದರೆ ಸಾಲದು, ಅದು ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಕೆಲಸಗಾರರ ಸೋಮಾರಿತನವೂ ಸೇರಿ. ಪ್ರದರ್ಶನದಲ್ಲಿ ತೀರ್ಪುಗಾರರು ಟಾರ್ಚು ಹಿಡಿದು ಕಾರಿನ ಕೆಳಗೆ ತೂರುತ್ತಾರೆ. ಒಂದು ಬೋಲ್ಟಿನ ತಲೆಯ ಮೇಲಿನ ಗುರುತು ತಪ್ಪಿದರೂ ಅಂಕ ಹೋಯಿತು. ಕಾರು ಓಡುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಹೆಚ್ಚು ಯಾರೂ ಕೇಳುವುದಿಲ್ಲ. ಎಂಜಿನ್ ಒಂದು ಸಲ ಗುಡುಗಿದರೆ ಸಾಕು. ಪ್ರದರ್ಶನಕ್ಕೂ ಅದನ್ನು ಟ್ರೇಲರಿನ ಮೇಲೆ ಹೇರಿಕೊಂಡೇ ಒಯ್ಯುತ್ತಾರೆ.

ವರ್ನನದು ಅರವತ್ತಾರನೆಯ ಇಸವಿಯ ಕೆಂಪು ಕಾರು. ಎರಡೇ ಬಾಗಿಲು, ಮೂತಿಯ ತುಂಬ ಎಂಜಿನ್. ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದುದನ್ನು ಎಳೆದುತಂದು ಆರು ವರ್ಷವಾಗಿತ್ತು. ಈ ಕೆಲಸಕ್ಕೆ ಜೊತೆಗಾರ ಡ್ವೇನ್ ಹೂಕ್‌ಸ್ಟ್ರಾ, ಕಾರ್ಖಾನೆಯ ಕಾಲದಿಂದಲೂ ಗೆಳೆಯ. ವರ್ನನ ಕೈ ಚುರುಕು, ಡ್ವೇನನ ಕಣ್ಣು ಚುರುಕು. ಯಾವ ತಿಂಗಳಲ್ಲಿ ಯಾವ ಸ್ಕ್ರೂ ಹಾಕುತ್ತಿದ್ದರು ಎಂಬುದೆಲ್ಲ ಅವನ ಬಾಯಲ್ಲೇ ಇತ್ತು.

ವರ್ನನ ಹೆಂಡತಿ ಡೋರೀನ್ ಮೂವತ್ತೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಸ್ವಂತ ಮಕ್ಕಳಿರಲಿಲ್ಲ, ಆದರೆ ಊರಿನ ಅರ್ಧ ಮಕ್ಕಳು ಅವಳ ಬಸ್ಸಿನಲ್ಲೇ ಬೆಳೆದವರು. ಮಿಚಿಗನ್ನಿನ ಹಿಮದಲ್ಲೂ ಬಸ್ಸಿನ ಸುತ್ತ ಒಂದು ಸುತ್ತು ಬಂದು, ಮೂರು ಸಲ ಬ್ರೇಕು ಅದುಮಿ ನೋಡಿಯೇ ಹೊರಡುತ್ತಿದ್ದಳು. ಇಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಗಂಡನ ಕಾರಿನಲ್ಲಿ ಮಾತ್ರ ಅವಳು ಒಂದು ದಿನವೂ ಕೂತಿರಲಿಲ್ಲ. ಕೇಳಿದಾಗಲೆಲ್ಲ ವರ್ನ್ ಈ ಪ್ರದರ್ಶನ ಮುಗಿಯಲಿ ಎನ್ನುತ್ತಿದ್ದ. ಅವಳೂ ಮೂಗು ಮುರಿದು ಸುಮ್ಮನಾಗುತ್ತಿದ್ದಳು.

ಹೋದ ವರ್ಷ ಚಿನ್ನದ ದರ್ಜೆ ಎರಡೇ ಅಂಕಕ್ಕೆ ತಪ್ಪಿಹೋಗಿತ್ತು. ಮುಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪುಗಳು ಹೊಸಕಾಲದವು, ಅವುಗಳ ಮೈಮೇಲೆ ಅಂದಿನ ಗೆರೆಯಿಲ್ಲ, ಅಂದಿನ ತಾರೀಖಿಲ್ಲ ಎಂದು ತೀರ್ಪುಗಾರ ಬರೆದಿದ್ದ. ಡ್ವೇನ್ ವರ್ಷವೆಲ್ಲ ಹಳೆ ಸಾಮಾನಿನ ಸಂತೆಗಳನ್ನು ಜಾಲಾಡಿ ಕೊನೆಗೂ ಒಂದು ಜೊತೆ ತಂದ. ಮೊಹರು ಒಡೆಯದ ಡಬ್ಬಿ, ಒಳಗೆ ಅರವತ್ತಾರರಲ್ಲೇ ಮಾಡಿದ, ಯಾರೂ ಬಳಸದ ಪೈಪುಗಳು. ಹೆತ್ತ ಮಗುವನ್ನು ಎತ್ತಿ ತೋರಿಸುವ ಹಾಗೆ ಎತ್ತಿ ತೋರಿಸಿದ.

ವರ್ನ್ ಹೆಬ್ಬೆರಳಲ್ಲಿ ಅದುಮಿ ನೋಡಿದ. ಹೊರಗೆ ಮೆತ್ತಗೇ ಇತ್ತು.

"ರಬ್ಬರ್ ಕಣೋ ಇದು," ಎಂದ. "ಡಬ್ಬೀಲಿದ್ರೂ ವಯಸ್ಸಾಗುತ್ತೆ. ನಲವತ್ಮೂರು ವರ್ಷ."

"ನೀನೇನು ಇದನ್ನ ಹಾಕ್ಕೊಂಡು ಷಿಕಾಗೋಗೆ ಹೋಗ್ತೀಯಾ? ಟ್ರೇಲರ್ ಹತ್ತಿಸ್ತೀಯ, ಟ್ರೇಲರ್ ಇಳಿಸ್ತೀಯ. ಸೋಮವಾರ ಕಿತ್ತು ಹೊಸದು ಹಾಕು, ಯಾರು ಬೇಡ ಅಂದ್ರು?"

ಅಷ್ಟೇ ಮಾತು. ಆ ಕಾಲದ ಕಾರಿಗೆ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕ್ ಆಯಿಲ್ ಒಂದೇ ದಾರಿ. ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕು ಹೋದಂತೆ. ಓಡಿಸುವವರು ಮೊದಲು ಅದನ್ನೇ ಬದಲಾಯಿಸಿ ಎರಡು ದಾರಿ ಮಾಡಿಕೊಳ್ಳುತ್ತಾರೆ. ಇವರು ಅಂಕ ಹೋದೀತೆಂದು ಮಾಡಿರಲಿಲ್ಲ. ಇಬ್ಬರಿಗೂ ಇದು ತಿಳಿಯದ್ದಲ್ಲ, ತಿಳಿದೂ ಹಾಕಿದರು. ಡೋರೀನಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಇಬ್ಬರ ಚಳಿಯನ್ನೂ ಬಿಡಿಸುತ್ತಿದ್ದಳು.

ಶನಿವಾರ ಚಿನ್ನ ಬಂತು. ಭಾನುವಾರ ಮಧ್ಯಾಹ್ನ ಗ್ಯಾರೇಜಿನ ಮುಂದೆ ಡ್ವೇನನೂ ಇನ್ನಿಬ್ಬರು ಹಳೆಯ ಗೆಳೆಯರೂ ಬಿಯರ್ ಡಬ್ಬಿ ಹಿಡಿದು ಕೂತಿದ್ದರು. ಅಷ್ಟರಲ್ಲಿ ಡೋರೀನಳ ಅಕ್ಕ ಬರ್ನೀಸ್ ಗಸಗಸೆಯ ರೊಟ್ಟಿ ಸುರುಳಿ ಮಾಡಿಕೊಂಡು, ಚರ್ಚಿನವರೊಬ್ಬರ ಕಾರಿನಲ್ಲಿ ಬಂದಿಳಿದಳು. ಮೂರು ಮೈಲಿ ಆಚೆಯ ಕೊರನ್ನಾದಲ್ಲಿ ಅವಳ ಮನೆ. ಮದುವೆಯಾದವಳಲ್ಲ, ಚರ್ಚಿನ ಹಾಡಿನ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಅವಳದು. ಕಾರನ್ನು ಒಂದು ಸುತ್ತು ನೋಡಿ, ಇದಕ್ಕೆ ಚಕ್ರ ಏತಕ್ಕೆ ಇಟ್ಟಿದ್ದಾರೆ ಎಂದು ಕೇಳಿದಳು. ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ಒಬ್ಬ, ಇದು ಟ್ರೇಲರ್ ರಾಣಿ, ನೆಲಕ್ಕೆ ಕಾಲಿಟ್ಟರೆ ಸವೆದುಹೋಗುತ್ತಾಳೆ ಎಂದ. ಪ್ರದರ್ಶನದವರಿಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ವರ್ನನ ಕಿವಿ ಕೆಂಪಾಯಿತು.

ಡೋರೀನ್ ಕೈ ಚಾಚಿದಳು. "ಕೀ ಕೊಡು. ಬರ್ನೀಸ್‌ನ ಇದರಲ್ಲೇ ಮನೆಗೆ ಬಿಟ್ಟು ಬರ್ತೀನಿ. ನೀನು ಎರಡು ಡಬ್ಬಿ ಕುಡಿದಿದೀಯ, ನೀನು ಮುಟ್ಟೋ ಹಾಗಿಲ್ಲ."

ವರ್ನ್ ಡ್ವೇನನ ಮುಖ ನೋಡಿದ. ಡ್ವೇನ್ ಬಿಯರ್ ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದ. ಬೇಡ ಎಂದರೆ ಏಕೆ ಎಂದು ಹೇಳಬೇಕು. ಇಷ್ಟು ಜನರ ಮುಂದೆ, ಅದೂ ಬರ್ನೀಸಳ ಮುಂದೆ, ಚಿನ್ನ ಗೆದ್ದ ಕಾರಿನ ಬ್ರೇಕು ನಂಬುವ ಹಾಗಿಲ್ಲ ಎಂದು ಹೇಳಬೇಕು. ಟ್ರೇಲರಿನಿಂದ ಇಳಿಸಿದಾಗ ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತಲ್ಲ, ಮೂರೇ ಮೈಲಿ ತಾನೆ ಎಂದುಕೊಂಡ. ಕೀ ಕೊಟ್ಟ.

ಹೊರಡುವ ಮೊದಲು ಡೋರೀನ್ ಕಾರಿನ ಸುತ್ತ ಒಂದು ಸುತ್ತು ಬಂದಳು. ಕೂತು ಮೂರು ಸಲ ಬ್ರೇಕು ಅದುಮಿದಳು. ಗಟ್ಟಿಯಾಗೇ ಇತ್ತು.

ಕೊರನ್ನಾದಲ್ಲಿ ನದಿಯ ಕಡೆಗೆ ಇಳಿಯುವ ರಸ್ತೆಯ ಕೊನೆಗೆ ಸಿಗ್ನಲ್ ದೀಪವಿದೆ. ಅಲ್ಲಿ ಚರ್ಚಿನ ಊಟ ಮುಗಿಸಿಕೊಂಡು ಬಂದವರ ಕಾರುಗಳು ಸಾಲಾಗಿ ನಿಂತಿದ್ದವು, ಎಲ್ಲದರಲ್ಲೂ ಮಕ್ಕಳು. ಇಳಿಜಾರಿನಲ್ಲಿ ಬಂದ ಕೆಂಪು ಕಾರು ನಿಲ್ಲಲಿಲ್ಲ. ಕೊನೆಯ ಗಳಿಗೆಯಲ್ಲಿ ಬಲಕ್ಕೆ ತಿರುಗಿ, ಪಾದಚಾರಿ ದಾರಿ ಹತ್ತಿ, ಓಕ್ ಮರಕ್ಕೆ ಗುದ್ದಿತು. ಗುದ್ದಿದ್ದು ಬರ್ನೀಸ್ ಕೂತ ಬದಿ. ಆ ಕಾಲದ ಕಾರಿನಲ್ಲಿ ಸೊಂಟಕ್ಕೆ ಪಟ್ಟಿ ಉಂಟೇ ಹೊರತು ಭುಜಕ್ಕಿಲ್ಲ. ಬರ್ನೀಸ್ ಅಲ್ಲೇ ಸತ್ತಳು. ಡೋರೀನಳ ಸೊಂಟದ ಮೂಳೆಯೂ ಹೆಗಲ ಮೂಳೆಯೂ ಮುರಿದವು.

ಮೂರನೆಯ ದಿನ ಆಸ್ಪತ್ರೆಗೆ ಪೊಲೀಸ್ ಬಂದ. ಟ್ರೆವರ್ ಲೂಮಿಸ್, ಚಿಕ್ಕಂದಿನಲ್ಲಿ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಟೋಪಿ ತೆಗೆದು ಮಂಚದ ಪಕ್ಕ ಕೂತು, ಏನಾಯಿತು ಎಂದು ಮೆಲ್ಲಗೆ ಕೇಳಿದ.

"ಪೆಡಲ್ ನೆಲಕ್ಕೆ ಹೋಯ್ತು," ಎಂದಳು ಡೋರೀನ್. "ಒತ್ತಿದೆ, ಸುಮ್ನೆ ಕೆಳಗೆ ಹೋಯ್ತು. ಆಮೇಲಿಂದು ಏನೂ ನೆನಪಿಲ್ಲ."

ಟ್ರೆವರ್ ಬರೆದುಕೊಂಡ. ಆಕ್ಸಿಲರೇಟರ್ ತುಳಿದ ಹಾಗೆ ಎಂಜಿನ್ ಜೋರಾಗಿ ಗರ್ಜಿಸಿದ್ದನ್ನು ಇಬ್ಬರು ಕೇಳಿದ್ದಾರೆ ಎಂದ. ಕಾರಿನ ಮುಂಭಾಗ ಪುಡಿಯಾಗಿರುವುದರಿಂದ ನೋಡಿ ತಿಳಿಯುವಂಥದ್ದು ಏನೂ ಉಳಿದಿಲ್ಲ ಎಂದ. ಆಮೇಲೆ ಮಂಚದ ಆಚೆ ನಿಂತಿದ್ದ ವರ್ನನ ಕಡೆ ತಿರುಗಿ, "ಬ್ರೇಕು ಹೇಗಿತ್ತು ಸರ್? ನೀವೇ ಅಲ್ವಾ ಎಲ್ಲ ಮಾಡಿದ್ದು?" ಎಂದು ಕೇಳಿದ.

"ಸರಿಯಾಗಿತ್ತು," ಎಂದ ವರ್ನ್.

ಡೋರೀನ್ ಗಂಡನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, "ಹಾಗಾದ್ರೆ ನಾನೇ ತಪ್ಪು ಪೆಡಲ್ ಒತ್ತಿರಬೇಕು," ಎಂದಳು. ಇಂಥದ್ದು ವಯಸ್ಸಾದವರಿಗೆ ಆಗುತ್ತಿರುತ್ತದೆ, ಇದಕ್ಕೆ ಯಾರೂ ನಿಮ್ಮನ್ನು ಜೈಲಿಗೆ ಕಳಿಸುವುದಿಲ್ಲ ಎಂದು ಟ್ರೆವರ್ ಅವಳ ಕೈ ಸವರಿದ.

ಮರುದಿನ ವರ್ನ್ ಜಖಂ ಕಾರುಗಳ ಅಂಗಳಕ್ಕೆ ಹೋದ. ಬಗ್ಗಿದ ಬಾಗಿಲಿನ ಸಂದಿಯಿಂದ ಇಣುಕಿದ. ಹ್ಯಾಂಡ್‌ಬ್ರೇಕು ಕೊನೆಯವರೆಗೂ ಎಳೆದಿತ್ತು. ಗೇರು ಒಂದನೆಯದಕ್ಕೆ ಬಿದ್ದಿತ್ತು. ಬ್ರೇಕು ಕೈಕೊಟ್ಟಾಗ ತಿಳಿದವರು ಏನು ಮಾಡಬೇಕೋ ಅಷ್ಟನ್ನೂ ಅವಳು ಆ ನಾಲ್ಕೈದು ಕ್ಷಣಗಳಲ್ಲಿ ಮಾಡಿದ್ದಳು. ವೇಗದಲ್ಲಿರುವಾಗಲೇ ಒಂದನೆಯ ಗೇರಿಗೆ ಎಳೆದಿದ್ದಳು, ಎಂಜಿನ್ ಗರ್ಜಿಸಿದ್ದು ಅದಕ್ಕೇ. ಎಡ ಚಕ್ರದ ಪೈಪು ಉದ್ದಕ್ಕೆ ಸೀಳಿತ್ತು. ಅಪಘಾತದಲ್ಲಿ ಕತ್ತರಿಸಿದ್ದಲ್ಲ, ಒಳಗಿನ ಒತ್ತಡಕ್ಕೆ ಉಬ್ಬಿ ಬಿರಿದದ್ದು. ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು ವರ್ನ್ ಸ್ಪ್ಯಾನರಿನಿಂದ ಅದನ್ನು ಬಿಚ್ಚಿ ಜೇಬಿಗೆ ಹಾಕಿದ. ಆ ಕ್ಷಣದವರೆಗೆ ಅವನು ಹೇಡಿಯಷ್ಟೇ ಆಗಿದ್ದ. ಅಲ್ಲಿಂದ ಮುಂದೆ ಕಳ್ಳನೂ ಆದ.

ಡ್ವೇನ್ ಅವನನ್ನು ಗಟ್ಟಿಮಾಡಿದ. "ನಿಜ ಹೇಳಿದ್ರೆ ಬರ್ನೀಸ್ ಎದ್ದು ಬರ್ತಾಳೇನೋ? ಡೋರೀನ್‌ಗೆ ಯಾರೂ ಏನೂ ಅಂತಿಲ್ಲ. ನಿನಗೆ ಬಾಯಿ ಬಿಡೋಕೆ ಆಸೆ ಇದ್ರೆ ನನ್ನ ಹೆಸರು ಬಿಟ್ಟು ಬಿಡು."

ಯಾರೂ ಏನೂ ಅನ್ನುತ್ತಿಲ್ಲ ಎಂಬುದು ಶುದ್ಧ ಸುಳ್ಳು. ಬರ್ನೀಸಳ ಅಂತ್ಯಕ್ರಿಯೆಯ ಊಟದಲ್ಲಿ ಹ್ಯಾಮ್ ತುಂಡಿನ ಜೊತೆ ಇದೇ ಮಾತು ಬಡಿಸಲಾಗುತ್ತಿತ್ತು. ಪಾಪ, ಅರವತ್ತಾಯಿತಲ್ಲ. ಆ ಕಾರು ಹೆಂಗಸಿನ ಕೈಗೆ ಬಗ್ಗುವಂಥದ್ದಲ್ಲ. ಸದ್ಯ, ಬಸ್ಸಿನಲ್ಲಿ ಹೀಗಾಗಲಿಲ್ಲವಲ್ಲ. ಗಾಲಿಕುರ್ಚಿಯಲ್ಲಿ ಕೂತ ಡೋರೀನ್ ಅದನ್ನೆಲ್ಲ ಕೇಳಿದಳು. ಆ ವಾರವೇ ಬಸ್ಸಿನ ಲೈಸೆನ್ಸನ್ನು ಲಕೋಟೆಗೆ ಹಾಕಿ ಹಿಂದಿರುಗಿಸಿದಳು. ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದವನು ವರ್ನ್.

ಆರು ವಾರ ಹೀಗೇ ಕಳೆಯಿತು. ವರ್ನ್ ಅಡುಗೆ ಮಾಡಿದ, ಅವಳ ತಲೆ ತೊಳೆದ, ಶೌಚಕ್ಕೆ ಎತ್ತಿಕೊಂಡು ಹೋದ. ಇಷ್ಟು ಚೆನ್ನಾಗಿ ಅವನು ಅವಳನ್ನು ಎಂದೂ ನೋಡಿಕೊಂಡಿರಲಿಲ್ಲ. ಅವಳು ಥ್ಯಾಂಕ್ಸ್ ಎಂದಾಗಲೆಲ್ಲ ಅವನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಕಾಫಿ ಹಿಡಿದು ಬಂದಾಗ ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ನೆಲದ ಮೇಲೆ ಬಲಗಾಲನ್ನು ಒಮ್ಮೆ ಎಡಕ್ಕೆ ಇಟ್ಟು ಅದುಮುತ್ತಿದ್ದಳು, ಒಮ್ಮೆ ಬಲಕ್ಕೆ. ಮತ್ತೆ ಎಡಕ್ಕೆ. ಮುಖ ಬೆವರಿತ್ತು.

"ಏನ್ಮಾಡ್ತಿದೀಯಾ?"

"ಈ ಕಾಲು ಎಲ್ಲಿತ್ತು ಅಂತ ನೆನಪು ಮಾಡ್ಕೋತಿದೀನಿ," ಎಂದಳು. "ದಿನಾ ಮಾಡ್ತೀನಿ. ಎಷ್ಟು ಮಾಡಿದ್ರೂ ಎಡಕ್ಕೇ, ಬ್ರೇಕ್ ಮೇಲೇ ಇತ್ತು ಅನ್ಸುತ್ತೆ ವರ್ನ್. ಸುಳ್ಳು ಹೇಳುತ್ತೆ ಇದು ನನಗೆ."

ವರ್ನ್ ಕಾಫಿಯನ್ನು ಮೇಜಿನ ಮೇಲಿಟ್ಟ. ಅವನು ಎದುರಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಡಬ್ಬಿ, ಪೈಪು, ಎರಡು ಅಂಕ, ಸೋಮವಾರ ಬದಲಾಯಿಸಬೇಕೆಂದಿದ್ದದ್ದು, ಜಖಂ ಅಂಗಳದಲ್ಲಿ ಕಂಡದ್ದು, ಬಿಚ್ಚಿ ತಂದದ್ದು. ಹೇಳುತ್ತ ಹೇಳುತ್ತ ಅತ್ತ. ಡೋರೀನ್ ಅಳಲಿಲ್ಲ. ಬಸ್ಸಿನ ಸುತ್ತ ಬಂದು ಒಂದೊಂದನ್ನೇ ಮುಟ್ಟಿ ನೋಡುವವಳ ಹಾಗೆ ಒಂದೊಂದನ್ನೇ ಕೇಳಿದಳು.

"ನಾನು ಕೀ ಕೇಳಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಟ್ರೆವರ್ ಕೇಳಿದಾಗ?"

"ಗೊತ್ತಿತ್ತು."

"ಪೆಡಲ್ ನೆಲಕ್ಕೆ ಹೋಯ್ತು ಅಂದೆ ನಾನು. ಹೇಳಿದ್ದೆ. ನೀನು ಅಲ್ಲೇ ನಿಂತಿದ್ದೆ." ಅವಳ ದನಿ ಏರಲಿಲ್ಲ. "ನನ್ನ ಕಾಲು ನಿಜಾನೇ ಹೇಳ್ತಿತ್ತು. ನಾನು ಅದನ್ನ ಬಿಟ್ಟು ನಿನ್ನ ನಂಬಿದೆ."

ಫೋನು ತರಲು ಹೇಳಿದಳು. ತಾನೇ ನಂಬರು ಒತ್ತಿ ಅವನ ಕೈಗೆ ಕೊಟ್ಟಳು. ವರ್ನ್ ಟ್ರೆವರನಿಗೆ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದ, ಡ್ವೇನನ ಹೆಸರೂ ಸೇರಿ. ಎಲ್ಲಿಯಾದರೂ ತಡವರಿಸಿದರೆ ಡೋರೀನ್ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದಳು. ಮುಗಿದ ಮೇಲೆ ಫೋನು ತೆಗೆದುಕೊಂಡು, "ಟ್ರೆವರ್, ಬರೋವಾಗ ನನ್ನನ್ನ ಕೊರನ್ನಾಗೆ ಬಿಡೋಕಾಗುತ್ತಾ? ಅಕ್ಕನ ಮನೆಗೆ," ಎಂದಳು.

ಬಟ್ಟೆಯ ಚೀಲವನ್ನು ವರ್ನನೇ ಕಟ್ಟಿಕೊಟ್ಟ. ಅವಳು ಆ ವಾರವಷ್ಟೇ ಹಿಡಿಯಲು ಕಲಿತಿದ್ದ ಊರುಗೋಲಿನ ಮೇಲೆ ಭಾರ ಬಿಟ್ಟು ಮುಂಬಾಗಿಲ ಮೆಟ್ಟಿಲ ಬಳಿ ನಿಂತಳು. ಹೊರಗೆ ಕೊರೆಯುವ ಗಾಳಿ, ಟ್ರೆವರ್ ಬರಲು ಇನ್ನೂ ಇಪ್ಪತ್ತು ನಿಮಿಷ. ನನ್ನ ಪಿಕಪ್ಪಿನಲ್ಲಿ ಬಿಟ್ಟು ಬರುತ್ತೇನೆ, ಮೂರೇ ಮೈಲಿ ತಾನೆ ಎಂದು ವರ್ನ್ ಬೇಡಿಕೊಂಡ. ಆ ಮಾತು ಬಾಯಿಂದ ಬಿದ್ದ ಮೇಲಷ್ಟೇ ಅವನಿಗೇ ಕೇಳಿಸಿತು.

"ನೀನು ಸರಿಯಾಗಿದೆ ಅಂದ ಗಾಡಿಗೆ ನಾನು ಇನ್ನು ಹತ್ತಲ್ಲ," ಎಂದಳು ಡೋರೀನ್. ಇಪ್ಪತ್ತು ನಿಮಿಷವೂ ಅವಳು ನಿಂತೇ ಕಾದಳು.