ತೆರಾಸಾಸ್ ಮತ್ತು ಉಗಾರ್ತೆ

ನಮ್ಮ ಪೊಟೊಸಿಯ ಕಡೆ ಎಲ್ಲರಿಗೂ ಎರಡು ಮನೆತನದ ಹೆಸರು: ಮೊದಲು ಅಪ್ಪನದು, ಆಮೇಲೆ ಅಮ್ಮನದು. ರಸಾಯನಶಾಸ್ತ್ರದ ಪತ್ರಿಕೆಗಳು ಅಪ್ಪನ ಹೆಸರು ಹಿಡಿದು ನನ್ನನ್ನು ಕಾಸಿಲ್ದಾ ತೆರಾಸಾಸ್ ಎಂದು ಅಚ್ಚು ಹಾಕಿದವು. ಇತಿಹಾಸದ ಪತ್ರಿಕೆಗಳು ಅಮ್ಮನ ಹೆಸರು ಹಿಡಿದು ಕಾಸಿಲ್ದಾ ಉಗಾರ್ತೆ ಎಂದವು. ಅದಕ್ಕೆಲ್ಲ ಜಗಳ ಕಾಯುವ ಪುರುಸೊತ್ತು ನನಗಿರಲಿಲ್ಲ. ಪೊಟೊಸಿಯ ಹಳೆಯ ಗಣಿಗಳಲ್ಲಿ ಪಾದರಸ ಬೆರೆಸಿ ಬೆಳ್ಳಿ ತೆಗೆಯುತ್ತಿದ್ದ ಬಗೆಯನ್ನು ಕುರಿತು ಮೂವತ್ತು ವರ್ಷ ಎರಡೂ ಕಡೆ ಬರೆದೆ.

ನಿವೃತ್ತಿಯ ಹೊತ್ತಿಗೆ ವಿಶ್ವವಿದ್ಯಾಲಯ ಒಂದು ಪಟ್ಟಿ ಕೇಳಿತು: ನನ್ನ ಲೇಖನಗಳನ್ನು ಯಾರು ಯಾರು ಉಲ್ಲೇಖಿಸಿದ್ದಾರೆ? ಗ್ರಂಥಪಾಲಕ ದೋನ್ ಎಲೆಯುತೇರಿಯೊ ಕಂಪ್ಯೂಟರ್ ನೋಡಿ ನಕ್ಕರು.

"ಡಾಕ್ಟರಮ್ಮ, ಇದು ನಿಮ್ಮನ್ನ ಇಬ್ರು ಅಂದ್ಕೊಂಡಿದೆ. ತೆರಾಸಾಸ್ ಅವ್ರನ್ನ ಹನ್ನೊಂದು ಸಲ ಉಲ್ಲೇಖಿಸಿದ್ದಾರೆ ನೋಡಿ."

"ಯಾರ್ರೀ ಆ ಪುಣ್ಯಾತ್ಮರು?"

"ಹನ್ನೊಂದು ಸಲಾನೂ ಉಗಾರ್ತೆನೇ. ಉಗಾರ್ತೆನ ಉಲ್ಲೇಖಿಸಿರೋದೂ ತೆರಾಸಾಸ್ ಒಬ್ರೇ." ಅವರ ನಗು ನಿಂತಿತು. "ಇಬ್ರನ್ನೂ ಒಂದು ಮಾಡ್ಲಾ? ಆದ್ರೆ ನಮ್ಮನ್ನ ನಾವೇ ಉಲ್ಲೇಖಿಸಿದ್ರೆ ಲೆಕ್ಕಕ್ಕೆ ಬರಲ್ಲ. ಎಲ್ಲಾ ಸೊನ್ನೆ ಆಗತ್ತೆ."

ನನ್ನ ಕೈಯಲ್ಲಿದ್ದ ಕೋಕಾ ಎಲೆಯ ಚಹಾ ಆರಿತ್ತು. ಪರದೆಯ ಮೇಲೆ ಎರಡು ಹೆಸರುಗಳು ಅಕ್ಕಪಕ್ಕ ಕೂತಿದ್ದವು.

"ಮುಟ್ಬೇಡಿ!" ಎಂದು ಗದರಿದೆ. "ಮೂವತ್ತು ವರ್ಷದಿಂದ ಒಬ್ರಿಗೊಬ್ರು ಇದ್ದಾರೆ. ಈಗ್ಯಾಕೆ ಒಂಟಿ ಮಾಡ್ತೀರಿ?"