ಕೆಂಪವ್ವನ ಕಂಬಳಿ

ಚಿಕ್ಕೋಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮಾಯಾಳಿಗೆ ಆ ಶನಿವಾರ ‘ಸೆಲ್ಫ್-ಎಕ್ಸ್‌ಪ್ಲನೇಟರಿ’ ಎಂಬ ಶಬ್ದ ಕೈಕೊಟ್ಟಿತು. ಬೇರೆಯವರು ವಿವರಿಸಬೇಕಾಗಿಲ್ಲದ್ದು, ನೋಡಿದ ಕೂಡಲೇ ತಿಳಿಯುವಂಥದ್ದು ಎಂದು ಅರ್ಥ ಹೇಳಿದಳು. ‘ಈ ನಕ್ಷೆ ಸೆಲ್ಫ್-ಎಕ್ಸ್‌ಪ್ಲನೇಟರಿ’ ಎಂದು ಪುಸ್ತಕದ ಸಪ್ಪೆ ಉದಾಹರಣೆಯನ್ನೂ ಕೊಟ್ಟಳು. ಮುಂದಿನ ಬೆಂಚಿನ ಕೋಮಲ ಅಷ್ಟಕ್ಕೆ ಬಿಡುವ ಹುಡುಗಿಯಲ್ಲ.

“ನಕ್ಷೆ ಬ್ಯಾಡ್ರಿ ಮ್ಯಾಡಮ್. ಮನಷ್ಯಾರು ಮಾಡೂದ್ರಾಗ ಒಂದ ಹೇಳ್ರಿ.”

ಮಾಯಾಳ ಕಣ್ಣ ಮುಂದೆ ಬಂದದ್ದು ತನ್ನೂರು ಭೋಜದ ಮನೆಯ ಕರಿ ಕಂಬಳಿ.

ಕುರಿ ಸಾಕಿದ ಆ ಮನೆಯಲ್ಲಿ ಕಂಬಳಿ ಹಾಸುವುದೆಂದರೆ ಹುಡುಗಾಟವಲ್ಲ. ಹಿರಿಯರು, ಬೀಗರು ಬಂದಾಗ ಮಾತ್ರ ಅದು ಪಡಸಾಲೆಗೆ ಇಳಿಯುತ್ತಿತ್ತು. ಅದರ ಮೇಲೆ ಕೂತು ಆಡಿದ ಮಾತಿಗೆ ಯಾರೂ ತಪ್ಪುವಂತಿರಲಿಲ್ಲ. ಮನೆಯ ಹೆಣ್ಣುಮಕ್ಕಳು ಅಂಚು ತುಳಿದರೂ ಬೈಗುಳ. ಮಾಯಾ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ರಾಯಬಾಗದಿಂದ ವರನ ಕಡೆಯವರು ಬಂದರು. ಅಪ್ಪ ಕಾಡಸಿದ್ದ ಕಂಬಳಿ ಹಾಸಿದ. ಇನ್ನು ಕಾಲೇಜಿನ ಆಸೆ ಮುಗಿಯಿತೆಂದು ಮಾಯಾ ಒಲೆಯ ಮುಂದೆ ಕೂತು, ಹೊಗೆಯ ನೆಪ ಮಾಡಿ ಅತ್ತಳು. ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಅಷ್ಟರಲ್ಲಿ ಅಜ್ಜಿ ಕೆಂಪವ್ವ ಒಳಗಿನಿಂದ ಬಂದು, ಯಾರ ಮುಖವನ್ನೂ ನೋಡದೆ, ಕಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಕುರಿದೊಡ್ಡಿಯ ಕಡೆ ನಡೆದುಬಿಟ್ಟಳು. ಬೀಗರಾಗಬೇಕಿದ್ದವರು ನಿಂತುಕೊಂಡೇ ಚಹಾ ಕುಡಿದು ಹೋದರು. ಅಪ್ಪ ಕೆಲವು ದಿನ ತಾಯಿಯೊಡನೆ ಮಾತು ಬಿಟ್ಟ. ಆದರೆ ಜೂನಿನಲ್ಲಿ ಮಗಳನ್ನು ಚಿಕ್ಕೋಡಿ ಬಸ್ಸಿಗೆ ಹತ್ತಿಸಿದವನೂ ಅವನೇ.

“ಆಯಿ, ಅವತ್ತ ಯಾಕ ಹಂಗ ಮಾಡಿದಿ?” ಎಂದು ಮಾಯಾ ಅಜ್ಜಿಯನ್ನು ಕೇಳಿದಾಗಲೆಲ್ಲ ಮುದುಕಿಯದು ಒಂದೇ ಉತ್ತರ.

“ನುಸಿ ಹಿಡದಿತ್ತಬೇ. ಬಿಸಲಿಗಿ ಹಾಕೂದಿತ್ತು.”

ಹಾಗಾದರೆ ತನ್ನ ಓದು ಬರೀ ನುಸಿಯ ಪುಣ್ಯವೇ? ಆಯಿ ನಿಜವಾಗಿ ತನಗಾಗಿ ಎದ್ದು ಬಂದಿದ್ದಳೇ? ಅದೊಂದು ಮಾತನ್ನು ಅವಳ ಬಾಯಿಂದ ಕೇಳಬೇಕೆಂಬ ಆಸೆ ಮಾಯಾಳಿಗೆ ಇಷ್ಟು ವರ್ಷವಾದರೂ ತೀರಿರಲಿಲ್ಲ. ಅದು ತಿಳಿಯದೆ ಹುಡುಗಿಯರಿಗೆ ಈ ಕಥೆ ಹೇಳುವುದಾದರೂ ಹೇಗೆ? “ಸೋಮವಾರ ಹೇಳ್ತೀನಿ” ಎಂದು ಜಾರಿಕೊಂಡಳು.

ಮರುದಿನ ಭೋಜಕ್ಕೆ ಹೋದಳು, ಈ ಸಲ ಕೇಳಿಯೇ ಬಿಡುವುದೆಂದು. ಕೆಂಪವ್ವನ ಬೆನ್ನು ಈಗ ಬಾಗಿದೆ, ಕಣ್ಣು ಮಂಜು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳದಿಂದಲೇ ಮೊಮ್ಮಗಳನ್ನು ಗುರುತಿಸಿ, ಗೋಡೆ ಹಿಡಿದು ಎದ್ದು, ಗೂಟದ ಮೇಲಿನ ಕಂಬಳಿ ಎಳೆದುಕೊಂಡಳು. ಬಿಸಿಲಿಗೆ ಹಾಕಲಿಕ್ಕಿರಬೇಕೆಂದು ಮಾಯಾ ಕೈ ಚಾಚಿದಳು. ಮುದುಕಿ ಕೊಡಲಿಲ್ಲ. ಪಡಸಾಲೆಯ ನಡುವೆ ಹಾಸಿ, ಸುಕ್ಕು ಸವರಿ, ಕೂತುಕೋ ಎಂಬಂತೆ ಅಂಗೈಯಿಂದ ತಟ್ಟಿದಳು.

“ಯಾರ ಬಂದಾರಬೇ ಯವ್ವಾ, ಕಂಬಳಿ ಹಾಸಾಕತ್ತಿ?” ಹೊರಗಿನ ಕಟ್ಟೆಯಿಂದ ಅಪ್ಪನ ದನಿ.

ಕೆಂಪವ್ವ ಮತ್ತೊಮ್ಮೆ ಕಂಬಳಿ ತಟ್ಟಿದಳು. ಕೇಳಬೇಕೆಂದು ಬಂದದ್ದನ್ನು ಮಾಯಾ ಕೇಳಲಿಲ್ಲ. ಕಂಬಳಿಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಸಲ ನೆಪಕ್ಕೆ ಹೊಗೆಯೂ ಇರಲಿಲ್ಲ.